ಅಲ್ಜೀರಿಯನ್ ಅಕ್ಷರ ಮತ್ತು ಆಪಾಳ ಮದುವೆ ಕಾರ್ಡ್

ನಮ್ಮ ತರಗತಿಯ ಪ್ರಾಜೆಕ್ಟ್ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದರೆ ಮುಖಪುಟಗಳೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎಲ್ಲದರ ಮೇಲೂ ಅದೇ ಅಲ್ಜೀರಿಯನ್ ಫಾಂಟ್. ದಪ್ಪ ಕಾಲು, ತುದಿಗೆ ಕೊಕ್ಕೆ, ಪಕ್ಕದಲ್ಲಿ ನೆರಳಿನ ಗೆರೆ. ಹೆಸರು 'ಎ'ಯಿಂದ ಶುರುವಾಗುವುದರಿಂದ ಪಟ್ಟಿಯ ಮೇಲ್ಗಡೆಯೇ ಸಿಗುತ್ತದೆ. ಅದರಿಂದ ಕೆಳಗಿಳಿಯುವ ತಾಳ್ಮೆ ನಮಗೆ ಯಾರಿಗೂ ಇಲ್ಲ.

ಇದು ಅಲ್ಜೀರಿಯಾ ದೇಶದ್ದೆಂದು ನಾನು ತಿಳಿದಿದ್ದೆ. ಅಲ್ಲವಂತೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಸ್ಟೀಫನ್ಸನ್ ಬ್ಲೇಕ್ ಎಂಬ ಅಚ್ಚುಮೊಳೆ ಕಂಪನಿ 20ನೇ ಶತಮಾನದ ಆರಂಭದಲ್ಲಿ ತಯಾರಿಸಿದ್ದು. ತಲೆಬರಹಕ್ಕೆಂದು ಮಾಡಿದ ಅಕ್ಷರ. ಕಂಪ್ಯೂಟರಿನಲ್ಲಿ ಸಣ್ಣಕ್ಷರ ಒತ್ತಿದರೂ ದೊಡ್ಡಕ್ಷರದ ರೂಪವೇ ಬರುತ್ತದೆ.

ಇದನ್ನೆಲ್ಲ ಹುಡುಕಿ ಓದಿದ್ದಕ್ಕೆ ಕಾರಣವಿದೆ. ನಮ್ಮ ಆಪಾಳ ಮದುವೆ ಕಾರ್ಡ್ ಮಾಡಿಸುವಾಗ ಡಿಟಿಪಿ ಅಂಗಡಿಯಲ್ಲಿ ಕುಳಿತು ಫಾಂಟ್ ಆರಿಸಿದವನು ನಾನೇ. ಹೆಸರುಗಳಿಗೆ ಮಾತ್ರ ಸಾಕು ಎಂದರು ಅಂಗಡಿಯವರು. ನಾನು ಕೇಳಲಿಲ್ಲ. ಹಾಲ್‌ನ ವಿಳಾಸವೂ ಅದರಲ್ಲೇ ಬರಲಿ ಎಂದೆ, ಅದೂ ಮರೂನ್ ಕಾಗದದ ಮೇಲೆ ಚಿನ್ನದ ಬಣ್ಣದಲ್ಲಿ. ಚಿಕ್ಕ ಅಳತೆಯಲ್ಲಿ ಆ ನೆರಳಿನ ಗೆರೆ ಅಕ್ಷರಕ್ಕೆ ಅಂಟಿಕೊಂಡು 3ನೇ ಕ್ರಾಸ್ ಎಂಬುದು 8ನೇ ಕ್ರಾಸ್ ಆಗಿಬಿಟ್ಟಿತು. ಮದುವೆ ದಿನ ಬೆಳಗ್ಗಿನಿಂದ ಅಬ್ಬಾನ ಫೋನ್ ಬಿಡುವೇ ಇಲ್ಲದೆ ಬಾರಿಸಿತು. ಅಬ್ಬಾಗೆ ಮೊದಲು ಕೆಲಸ ಕೊಟ್ಟ ಅಂಗಡಿಯ ಯಜಮಾನರು, ಎಪ್ಪತ್ತು ದಾಟಿದವರು, ಆಟೋದಲ್ಲಿ ಸುತ್ತಿ ಸುತ್ತಿ ಬರುವಷ್ಟರಲ್ಲಿ ನಿಕಾಹ್ ಮುಗಿದಿತ್ತು. ಅವರು ಏನೂ ಅನ್ನಲಿಲ್ಲ, ನಕ್ಕರು. ಅಬ್ಬಾ ಮಾತ್ರ ನನ್ನ ಕಡೆ ಒಮ್ಮೆ ನೋಡಿದರು.

ಅದೇ ಕಾರ್ಡಿನ ಉರ್ದು ಪುಟವನ್ನು ದಾದಿ ಸರಾಗವಾಗಿ ಓದಿದ್ದರು. ನಸ್ತಲೀಖ್ ಬರಹದಲ್ಲೇನು ಬಳುಕು ಕಡಿಮೆಯೇ? ಆದರೆ ಆ ಬಳುಕು ಲೇಖನಿ ಓಡುವ ದಾರಿಯಲ್ಲೇ ಹುಟ್ಟಿದ್ದು, ಮೇಲೆ ಅಂಟಿಸಿದ್ದಲ್ಲ. ಇನ್ನೊಂದು ಮಾತು. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಗೌರವ ತೋರಿಸಲು ನಾವು 'ಜನಾಬ್' ಅನ್ನುತ್ತೇವೆ, 'ಅವರು' ಅನ್ನುತ್ತೇವೆ. ಅಕ್ಷರವನ್ನು ಊದಿಸುವುದಿಲ್ಲ. ನಮ್ಮ ಎದುರುಮನೆ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ. ಕಾರ್ಡಿನಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಮೇಲೆ. ಅದನ್ನು ಫಾಂಟಿನ ಮೇಲೆ ಹಾಕಲಾರೆ.

ಅಲಂಕಾರ ಬೇಡ ಎನ್ನುವವನು ನಾನಲ್ಲ. ಕಾಲೇಜಿನ ಹೆಸರು ಅಲ್ಜೀರಿಯನ್‌ನಲ್ಲಿ ದೊಡ್ಡದಾಗಿ ಇರಲಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ದಿನಾಂಕ, ಸಮಯ, ಸ್ಥಳ, ಬಹುಮಾನ ಪತ್ರದಲ್ಲಿ ವಿದ್ಯಾರ್ಥಿಯ ಹೆಸರು, ಇವು ಸಾದಾ ಅಕ್ಷರದಲ್ಲಿರಬೇಕು. ಕನ್ನಡ, ಉರ್ದು ಎರಡೂ ಜೊತೆಗಿರಬೇಕು. ಈ ಸಲದ ವಾರ್ಷಿಕೋತ್ಸವದ ಆಮಂತ್ರಣ ಟೈಪ್ ಮಾಡುವ ಕೆಲಸವನ್ನು ಪ್ರಿನ್ಸಿಪಾಲ್ ಸರ್ ನನಗೆ ಕೊಟ್ಟರೆ ಸಂತೋಷದಿಂದ ಮಾಡುತ್ತೇನೆ. ಮೊದಲ ಪ್ರತಿಯನ್ನು ಗೇಟಿನ ವಾಚ್‌ಮನ್ ಚಾಚಾಗೆ ಕೊಡೋಣ. ಅವರು ಕನ್ನಡಕ ಹುಡುಕದೆ ಓದಿದರೆ ಪ್ರೆಸ್ಸಿಗೆ ಕಳಿಸೋಣ.