ಹೊಸ್ತಿಲು ದಾಟದ ಗಾಲಿಕುರ್ಚಿ

ನನ್ನ ಕಸುಬಿನ ಹೆಸರೇ ನನಗೆ ಮೊದಲ ತೊಡಕು. ಔದ್ಯೋಗಿಕ ಚಿಕಿತ್ಸಕಿ ಎಂದರೆ ಮಧುರೆಯಲ್ಲಿ ಜನ ಕೇಳುವುದು, "ಯಾವ ಫ್ಯಾಕ್ಟ್ರೀಲಿ ಕೆಲ್ಸ ಕೊಡಿಸ್ತೀರಮ್ಮ?" ಅವರ ಮಾತಿಗೆ ನಗುತ್ತೇನೆ. ಓದಿದವರೇ "ಫಿಸಿಯೋಥೆರಪಿ ಇದೆಯಲ್ಲ, ಮತ್ತೆ ಇದ್ಯಾಕೆ?" ಎಂದಾಗ ನಗು ಬರುವುದಿಲ್ಲ. ಕಮಲಾ ನಿಂಬ್ಕರ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯ ಶಾಲೆ ತೆರೆದದ್ದು 1950ರಲ್ಲಿ. 2021ರ ಕಾಯಿದೆಯೂ ನಮ್ಮನ್ನು ಹೆಸರಿಸಿದೆ. ಪ್ರಶ್ನೆ ಮಾತ್ರ ಮುಗಿದಿಲ್ಲ.

ಇದ್ಯಾಕೆಂದರೆ, ಮುದ್ದೆ ಮುರಿಯುವುದಕ್ಕೆ. ಸೆರೆಬ್ರಲ್ ಪಾಲ್ಸಿಯಿದ್ದ ಏಳು ವರ್ಷದ ಹುಡುಗನೊಬ್ಬನಿಗೆ, ಪುಸ್ತಕದಲ್ಲಿ ಕಲಿತಂತೆ, ಹಿಡಿ ದಪ್ಪ ಮಾಡಿದ ಚಮಚ ಕೊಟ್ಟೆ. ಅವನಜ್ಜಿ, "ನಮ್ಮನೇಲಿ ಚಮಚದಾಗೆ ಯಾರು ಉಣ್ತಾರೆ ತಾಯಿ?" ಎಂದರು. ತಪ್ಪು ನನ್ನದೇ. ನುಂಗಲು ತೊಂದರೆಯಿಲ್ಲವೆಂದು ಖಚಿತಮಾಡಿಕೊಂಡು, ಬೆನ್ನಿಗೆ ಗೋಡೆ ಕೊಟ್ಟು ಕೂರಿಸಿ, ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಕಿ, ಮೊಣಕೈ ಊರಲು ಒಂದು ಮಣೆಯಿಟ್ಟೆವು. ತಿಂಗಳುಗಳೇ ಹಿಡಿದವು. ಒಂದು ದಿನ ಅವನೇ ಕಡಲೆಕಾಯಷ್ಟು ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಉಪ್ಪು ಸಾಕೇನಲಾ?" ಎಂದು ಕೇಳಿದರು.

ದೊಡ್ಡಬಳ್ಳಾಪುರದ ಮಗ್ಗದಲ್ಲಿ ದುಡಿಯುತ್ತಿದ್ದವರೊಬ್ಬರಿಗೆ ಲಕ್ವ ಹೊಡೆದಾಗ, ಹಿಸುಕಲು ರಬ್ಬರ್ ಚೆಂಡು ಕೊಟ್ಟು ಮನೆಗೆ ಕಳಿಸಿದ್ದರು. ಹಿಸುಕಿಯೇ ಹಿಸುಕಿದರು. ಹಿಡಿತ ಬಂತು, ಕಿತ್ತ ಎಳೆಗೆ ಗಂಟು ಹಾಕುವುದು ಬರಲಿಲ್ಲ. ಕೈ ಯಾವ ಕೆಲಸ ಮಾಡುತ್ತದೋ ಅದನ್ನೇ ಮಿದುಳು ಕಲಿಯುವುದು. ಸೆಣಬಿನ ಹುರಿಯಿಂದ ಶುರುಮಾಡಿ ನೂಲಿಗೆ, ನೂಲಿನಿಂದ ರೇಷ್ಮೆಗೆ ಬಂದೆವು. ಮಗ್ಗಕ್ಕೆ ಪೂರ್ತಿ ಮರಳಲಿಲ್ಲ ಅವರು, ಸುಳ್ಳೇಕೆ ಹೇಳಲಿ? ಕಂಡಿಕೆ ಸುತ್ತುತ್ತಾರೆ, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ.

ಶನಿಮಹಾತ್ಮನಿಗೆ ಎಳ್ಳುದೀಪ ಹಚ್ಚುವ ತಾಯಂದಿರನ್ನು ಮೂಢರೆಂದು ಬೈಯುವ ಸಹೋದ್ಯೋಗಿಗಳಿದ್ದಾರೆ. ದೇವರು ಕೈಗೆಟಕುವ ದೂರದಲ್ಲಿದ್ದಾನೆ, ನಾವು ಬೆಂಗಳೂರಿನಲ್ಲಿ ಕೂತಿದ್ದೇವೆ. ನಮ್ಮ ಹತ್ತಿರ ಬರಲು ಆ ತಾಯಿ ಒಂದು ದಿನದ ಕೂಲಿ ಬಿಡಬೇಕು. ಮೂಢರು ಯಾರು?

ನನ್ನ ಸಿಟ್ಟೆಲ್ಲ ಶಿಬಿರಗಳ ಮೇಲೆ. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿದೆ. ಶಿಬಿರದಲ್ಲಿ ನಡೆಯುವುದು ಮಾತ್ರ ಶೇಕಡಾ 40 ದಾಟಿತೋ ಇಲ್ಲವೋ ಎಂಬ ಲೆಕ್ಕ, ಆಮೇಲೆ ಗಾಲಿಕುರ್ಚಿ, ಹಾರ, ಫೋಟೋ. ಆ ಕುರ್ಚಿ ಹೊಸ್ತಿಲು ದಾಟದೆ ಜಗುಲಿಯಲ್ಲಿ ಹುರುಳಿ ಮೂಟೆ ಹೊತ್ತು ನಿಂತಿರುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಕೊಡುವ ಮೊದಲು ಬಾಗಿಲಿನ ಅಗಲ ಅಳೆದವರುಂಟೆ? ಬಚ್ಚಲು ಎಲ್ಲಿದೆಯೆಂದು ಕೇಳಿದವರುಂಟೆ? ಹೋಬಳಿಗೊಬ್ಬ ಚಿಕಿತ್ಸಕರು ವಾರಕ್ಕೆರಡು ದಿನ ಮನೆಮನೆಗೆ ಹೋಗುವಂತಾಗಲಿ, ಕುರ್ಚಿಯ ಮಾತು ಆಮೇಲೆ.

ಇಂಥದೊಂದು ಶಿಬಿರದವರು ಮೊನ್ನೆ ನನ್ನನ್ನೂ ವೇದಿಕೆಗೆ ಕರೆದರು. ಹಾರ ಬೇಡ, ಅಳತೆ ಟೇಪು ಹಿಡಿದು ನನ್ನ ಜೊತೆ ನಾಲ್ಕು ಮನೆಗೆ ಬನ್ನಿ ಎಂದೆ. "ನೋಡೋಣ ಮೇಡಂ" ಎಂದಿದ್ದಾರೆ.