ಕಿಚ್ಚಿಗೆ ಎದೆಯೊಡ್ಡಿದವರು

ಕನ್ನಡ ನಾಡಿನ ಹಳ್ಳಿಗಳಲ್ಲಿ ವೀರಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ, ನಡುವೆ ಆತನ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ. ಇದು ಅವುಗಳ ವಾಡಿಕೆಯ ರಚನೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನಾದರೆ ಕೆಳಗೆ ತುರುಗಳನ್ನೂ ಕಂಡರಿಸುತ್ತಿದ್ದರು. ವೀರನು ಮಡಿದನೆಂಬುದನ್ನಷ್ಟೇ ಅಲ್ಲ, ಯಾತಕ್ಕಾಗಿ ಮಡಿದನೆಂಬುದನ್ನೂ ಕಲ್ಲು ಹೇಳಬೇಕೆಂಬುದು ಹಿರಿಯರ ತಿಳಿವಳಿಕೆಯಾಗಿತ್ತು.

ಮುಂಬಯಿಯ ಬೈಕುಲ್ಲಾದಲ್ಲಿರುವ ಅಗ್ನಿಶಾಮಕ ದಳದ ಕೇಂದ್ರ ಕಚೇರಿಯಲ್ಲಿ ಈ ಕಾಲದ ವೀರಗಲ್ಲೆನ್ನಬಹುದಾದ ಸ್ಮಾರಕವೊಂದಿದೆ. 1944ರ ಏಪ್ರಿಲ್ 14ರಂದು ಆ ನಗರದ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ತಗುಲಿತು. ಅದು ಎರಡನೆಯ ಮಹಾಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1,400 ಟನ್ ಸಿಡಿಮದ್ದು ಇದ್ದಿತು; ಅದರೊಡನೆ ಹತ್ತಿಯ ಮೂಟೆಗಳನ್ನೂ ಹೇರಲಾಗಿತ್ತು. ಹತ್ತಿಯ ಕಿಚ್ಚು ಒಳಗೊಳಗೇ ಹಬ್ಬುವಂಥದು. ಮೇಲೆ ಸುರಿದ ನೀರು ಅದರ ಬುಡವನ್ನು ಸುಲಭವಾಗಿ ಮುಟ್ಟಲಾರದು. ಅಗ್ನಿಶಾಮಕರು ನೀರಿನ ಕೊಳವೆಗಳನ್ನು ಹಿಡಿದು ಹೆಣಗುತ್ತಿದ್ದಂತೆಯೇ, ನಾಲ್ಕು ಗಂಟೆ ಕಳೆದ ತುಸು ಹೊತ್ತಿಗೆ ಹಡಗು ಸಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಸ್ಫೋಟವೂ ಆಯಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕರೆಂದು ಲೆಕ್ಕವಿದೆ. ಅವರ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14ನ್ನು ಭಾರತದಾದ್ಯಂತ ಅಗ್ನಿಶಾಮಕ ಸೇವಾ ದಿನವನ್ನಾಗಿ ಆಚರಿಸುತ್ತಾರೆ.

“ಬೆಂಕಿ ನಂದಿಸುವುದು ಅವರ ಉದ್ಯೋಗ, ಸಂಬಳ ಪಡೆಯುವವರಿಗೆ ಸ್ಮಾರಕವೇಕೆ?” ಎಂದು ಕೇಳುವವರುಂಟು. ಸಂಬಳವು ದುಡಿಮೆಗೆ ಸಲ್ಲುತ್ತದೆ. ಪ್ರಾಣಕ್ಕೆ ಸರಿದೂಗುವ ಸಂಬಳವೆಂಬುದು ಇಲ್ಲ. ಉರಿಯುವ ಮನೆಯಿಂದ ಮನೆಯವರೇ ಹೊರಗೋಡುವಾಗ, ಅವರ ಹೆಸರನ್ನೂ ಅರಿಯದವನು ಒಳಹೊಗುತ್ತಾನೆ. ಆ ಋಣವನ್ನು ನೆನೆಯುವುದು ಸಮಾಜದ ಧರ್ಮ.

ಆದರೆ ವರ್ಷಕ್ಕೊಮ್ಮೆ ಹೂಮಾಲೆ ಅರ್ಪಿಸಿ ಕೈಮುಗಿದರೆ ವೀರಗಲ್ಲಿನ ಮೇಲಿನ ಪಟ್ಟಿಕೆಯನ್ನು ಮಾತ್ರ ನೋಡಿದಂತಾಗುತ್ತದೆ. ಕೆಳಗಿನ ಪಟ್ಟಿಕೆ ಕೇಳುವ ಪ್ರಶ್ನೆ ಕಠಿಣವಾದುದು: ಸಿಡಿಮದ್ದಿನ ಜೊತೆಯಲ್ಲಿ ಹತ್ತಿಯನ್ನು ಇಟ್ಟುದೇಕೆ? ಕೆಲವರ ಅಜಾಗರೂಕತೆಗೆ ಬೇರೆ ಕೆಲವರು ಪ್ರಾಣವನ್ನು ತೆತ್ತರು. ಕಟ್ಟಡದ ತುರ್ತು ಬಾಗಿಲಿಗೆ ಬೀಗ ಹಾಕುವವನು, ಓಣಿಯ ಬಾಯಲ್ಲಿ ವಾಹನ ನಿಲ್ಲಿಸಿ ದಾರಿ ಕಟ್ಟುವವನು, ಹಳೆಯ ವಿದ್ಯುತ್ ತಂತಿಯನ್ನು ಬದಲಿಸದೆ ಬಿಡುವವನು, ಇವರೆಲ್ಲರೂ ಅರಿಯದೆಯೇ ಅದೇ ತಪ್ಪನ್ನು ಮಾಡುತ್ತಿರುತ್ತಾರೆ. ಅಂಥವನು ಸ್ಮಾರಕದ ಮುಂದೆ ತಲೆಬಾಗಿದರೆ ಫಲವೇನು? ಅಂಥ ಕಲ್ಲಿಗೆ ಇನ್ನೊಂದು ಹೆಸರು ಸೇರದಂತೆ ನಡೆದುಕೊಳ್ಳುವುದೇ ಮಡಿದವರಿಗೆ ಸಲ್ಲಿಸುವ ನಿಜವಾದ ಗೌರವ.