ಸಾಣೆ ಗ್ರೈಂಡರ್ ಗೋದಲಿಯ ಪಕ್ಕ ಬೇಡ



ಈ ಸಲ ಕೆಚ್ಚಲು ಬಾವಿನ ಬಗ್ಗೆಯೋ ಖನಿಜ ಮಿಶ್ರಣದ ಬಗ್ಗೆಯೋ ಬರೆಯುತ್ತೇನೆಂದು ನೀವು ಅಂದುಕೊಂಡಿರಬಹುದು. ಆದರೆ ಇಂದಿನ ವಿಷಯ ಮನೆಯಲ್ಲಿ ಸಾಣೆ ಗ್ರೈಂಡರ್ ಎಲ್ಲಿರಬೇಕು ಎಂಬುದು. ದನದ ಡಾಕ್ಟರಿಗೆ ಈ ಉಸಾಬರಿ ಏಕೆ ಎಂದು ಕೇಳುವ ಮೊದಲು ಒಂದು ಆಕಳ ಕಥೆ ಕೇಳಿ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಕಾಗವಾಡ ತಾಲ್ಲೂಕಿನ ಹೊಳೆದಂಡೆಯ ಊರೊಂದರಿಂದ ಫೋನ್ ಬಂತು. "ಡಾಕ್ಟರ್ರ, ಆಕಳ ಮೇವು ಮುಟ್ಟವಲ್ದು, ಹಾಲೂ ಅರ್ಧಕ್ಕ ಇಳದೈತಿ." ಏಳು ತಿಂಗಳ ಗಬ್ಬದ ಎಚ್‌ಎಫ್ ಮಿಶ್ರತಳಿ ಆಕಳು. ಹಂಗಾಮಿನ ದಿನಗಳಾದ್ದರಿಂದ ಕಬ್ಬಿನ ಸೋಗೆ ಜಾಸ್ತಿ ತಿಂದು ಹೊಟ್ಟೆ ಕೆಟ್ಟಿರಬೇಕೆಂದು ನಾನು ಅಜೀರ್ಣಕ್ಕೆ ಔಷಧಿ ಕೊಟ್ಟೆ. ಎರಡು ದಿನ ಸುಧಾರಿಸಿದಂತೆ ಕಂಡಿತು. ಎರಡು ವಾರದ ನಂತರ ಮತ್ತೆ ಹೋದಾಗ ಅದು ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈ ಹೊರಗೆ ತಿರುಗಿಸಿ ನಿಂತಿತ್ತು. ಎದೆಯ ಕೆಳಗೆ ನೀರು ತುಂಬಿದ ಬಾವು ಇತ್ತು, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಆಗ ಕಾರಣ ತಿಳಿಯಿತು. ಆದರೆ ತಡವಾಗಿತ್ತು.

ಆಕಳು ಸತ್ತ ಮೇಲೆ ಶವಪರೀಕ್ಷೆ ಮಾಡಿದಾಗ ಹೊಟ್ಟೆಯ ಎರಡನೇ ಚೀಲದಿಂದ ಹೃದಯದ ಕಡೆಗೆ ನುಗ್ಗಿದ್ದ ಸೂಜಿಯಂಥ ತಂತಿಯೊಂದು ಸಿಕ್ಕಿತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಕೈ ತೊಳೆಯುತ್ತ ಕೊಟ್ಟಿಗೆಯ ಸುತ್ತ ನೋಡಿದೆ. ಗೋದಲಿಯಿಂದ ಮೂರು ಮಾರು ದೂರದಲ್ಲಿ, ಒಂದು ಹಲಗೆಯ ಮೇಲೆ ಸಾಣೆ ಗ್ರೈಂಡರ್ ಕೂತಿತ್ತು. ಒಂದು ಕಡೆ ಸಾಣೆ ಕಲ್ಲು, ಇನ್ನೊಂದು ಕಡೆ ತುಕ್ಕು ತೆಗೆಯುವ ತಂತಿಯ ಬ್ರಷ್ ಚಕ್ರ. ಚಕ್ರದಲ್ಲಿ ಅಲ್ಲಲ್ಲಿ ತಂತಿಗಳು ಉದುರಿದ್ದವು.

"ಇದನ್ನು ಇಲ್ಲಿ ಏಕೆ ಇಟ್ಟಿದ್ದೀರಿ ಅಕ್ಕಾ?" ಎಂದು ಕೇಳಿದೆ. "ಕರೆಂಟ್ ಪಾಯಿಂಟ್ ಇಲ್ಲೇ ಇತ್ತರಿ. ಅದಕ್ಕ ಇಲ್ಲೇ ಇಟ್ಟಾರ" ಎಂದರು ಆ ಅಕ್ಕ.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಮೊದಲ ದಿನವೇ ಸುತ್ತಮುತ್ತ ನೋಡದೆ ಅಜೀರ್ಣವೆಂದು ತಿಳಿದದ್ದು ನನ್ನ ತಪ್ಪು. ಈಗ ಆಕಳು ಮೇವು ಬಿಟ್ಟಿದೆ ಎಂದರೆ ಮೊದಲು ಕೊಟ್ಟಿಗೆಯಲ್ಲಿ ಕಬ್ಬಿಣದ ಕೆಲಸ ಏನು ನಡೆಯುತ್ತದೆ ಎಂದು ಕೇಳುತ್ತೇನೆ. ಆದರೆ ಯಂತ್ರ ಎಲ್ಲಿರಬೇಕೆಂಬುದನ್ನು ಪ್ಲಗ್ ಪಾಯಿಂಟಿಗೆ ಬಿಟ್ಟುಕೊಡುವುದು ನಾವೆಲ್ಲರೂ ಮಾಡುತ್ತಿರುವ ತಪ್ಪು. ಅದನ್ನು ಬಿಡಬೇಕು ಎನ್ನುವುದೇ ಈ ಬರಹದ ಉದ್ದೇಶ.

ಈ ಗ್ರೈಂಡರ್ ನಮ್ಮ ಮನೆಗಳಿಗೆ ಬಂದದ್ದು ಕಡಬಾ ಕುಟ್ಟಿ ಮಶೀನಿನ ಹಿಂದೆ. ಉಗಾರ, ಶೇಡಬಾಳ, ಶಿರಗುಪ್ಪಿ, ಜುಗೂಳ ಕಡೆ ಕಬ್ಬಿನ ಸೋಗೆ, ಗೋವಿನಜೋಳ, ಕಣಿಕೆ, ನೇಪಿಯರ್ ಹುಲ್ಲು ಎಲ್ಲವನ್ನೂ ಕತ್ತರಿಸಿಯೇ ಹಾಕುತ್ತೀರಿ. ಅದು ಒಳ್ಳೆಯದು. ಎರಡು–ಮೂರು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಮೇವಿನಲ್ಲಿ ಆಕಳು ಎಲೆ ಆರಿಸಿ ತಿಂದು ದಂಟು ಬಿಡುವುದಿಲ್ಲ. (ಹಿಟ್ಟಿನಂತೆ ಪುಡಿ ಮಾಡಬೇಡಿ. ಮೆಲುಕು ಕಡಿಮೆಯಾಗಿ ಹಾಲಿನ ಫ್ಯಾಟ್ ಇಳಿಯುತ್ತದೆ.) ಅಲುಗು ಮೊಂಡಾದರೆ ಮೇವು ಕತ್ತರಿಸುವುದಿಲ್ಲ, ಸಿಗಿಯುತ್ತದೆ. ಮೋಟರ್ ಬಿಸಿಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮೇವು ಒಳಗೆ ಹೋಗದಿದ್ದಾಗ ನೀವು ಕೈಯಿಂದ ಒತ್ತುತ್ತೀರಿ. ಕೈ ಸಿಕ್ಕಿಕೊಳ್ಳುವುದು ಆಗಲೇ. 1990ರ ದಶಕದಲ್ಲಿ ದೆಹಲಿಯ ಐಐಟಿಯ ಸಂಶೋಧಕರು ಉತ್ತರ ಭಾರತದ ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರದ ಗಾಯಗಳನ್ನು ಅಭ್ಯಾಸ ಮಾಡಿ, ಕೈ ಒಳಗೆ ಹೋಗುವ ಮೊದಲೇ ತಡೆದು ಎಚ್ಚರಿಸುವ ಉರುಳೆ, ಅಲುಗಿಗೆ ಕವಚ, ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಬೀಗ, ಹೀಗೆ ಸರಳ ಉಪಾಯಗಳನ್ನು ಮಾಡಿದರು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು. ಹಾಗಾಗಿ ಅಲುಗು ಹರಿತವಾಗಿರಬೇಕು, ಸಾಣೆಯೂ ಬೇಕು. ನನ್ನ ತಕರಾರು ಸಾಣೆಯ ಮೇಲಲ್ಲ, ಅದರ ಜಾಗದ ಮೇಲೆ.

ಆಕಳ ನಾಲಿಗೆಗೆ ನಮ್ಮ ನಾಲಿಗೆಯ ಹಾಗೆ ಕಲ್ಲು, ಮೊಳೆ ಆರಿಸಿ ಉಗುಳುವ ಗುಣವಿಲ್ಲ. ಮೇವಿನೊಡನೆ ಬಂದದ್ದೆಲ್ಲ ನುಂಗುತ್ತದೆ. ಭಾರವಾದ ಕಬ್ಬಿಣ ಎರಡನೇ ಹೊಟ್ಟೆಯಲ್ಲಿ ಉಳಿಯುತ್ತದೆ. ಆ ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪೊರೆ ಮತ್ತು ಸ್ವಲ್ಪ ಜಾಗ ಅಷ್ಟೇ. ಗಬ್ಬ ಬೆಳೆದಂತೆ ಒತ್ತಡ ಹೆಚ್ಚಿ ಮೊನೆಯಿರುವ ತಂತಿ ಮುಂದೆ ನುಗ್ಗುತ್ತದೆ. ಸಾಣೆಯ ಸಣ್ಣ ಪುಡಿಗಿಂತ ನನಗೆ ಭಯ ಇರುವುದು ಬ್ರಷ್ ಚಕ್ರದ ತಂತಿ, ಉದುರಿದ ನಟ್ಟು, ವಾಷರ್, ಮುರಿದ ಅಲುಗಿನ ಚೂರಿನದು. ಬ್ರಷ್ ಚಕ್ರ ತಿರುಗುವಾಗ ತಂತಿಗಳು ಕಿತ್ತು ದೂರ ಹಾರುತ್ತವೆ. ಹೊಟ್ಟಿನಲ್ಲಿ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ನನ್ನ ಮೊದಲ ಮಾತು: ಕೊಟ್ಟಿಗೆಯಲ್ಲಿ, ಗೋದಲಿಯ ಪಕ್ಕದಲ್ಲಿ, ಮೇವು ಕತ್ತರಿಸಿ ರಾಶಿ ಹಾಕುವ ಜಾಗದಲ್ಲಿ ಗ್ರೈಂಡರ್ ಬೇಡವೇ ಬೇಡ. ತಂತಿಯ ಬ್ರಷ್ ಚಕ್ರ ಇದ್ದರೆ ಇಂದೇ ಬಿಚ್ಚಿಡಿ. ಅಲುಗಿನ ತುಕ್ಕಿಗೆ ಪಾಲಿಶ್ ಕಾಗದ ಸಾಕು.

ಎರಡನೆಯ ಮಾತು ಬೆಂಕಿಯದು. ಸಾಣೆಯ ಕಿಡಿ ನೋಡಲು ಸಣ್ಣದು, ಆದರೆ ಅದು ಕಾದ ಕಬ್ಬಿಣದ ಚೂರು. ಕಾರ್ಖಾನೆಗಳಲ್ಲಿ ಇಂಥ ಕಿಡಿಯ ಕೆಲಸಕ್ಕೆ ಸುತ್ತ 35 ಅಡಿ ಒಳಗೆ ಹೊತ್ತಿಕೊಳ್ಳುವ ವಸ್ತು ಇರಬಾರದೆಂಬ ಪದ್ಧತಿ ಇದೆ. ನಮ್ಮ ಹಿತ್ತಲಿನಲ್ಲಿ ಅಷ್ಟು ಜಾಗ ಸಿಗಲಿಕ್ಕಿಲ್ಲ. ಹಾಗಿದ್ದರೆ ಕಿಡಿ ಹಾರುವ ದಿಕ್ಕು ಕಲ್ಲಿನ ಇಲ್ಲವೆ ಇಟ್ಟಿಗೆಯ ಗೋಡೆಯ ಕಡೆ ಇರಲಿ, ಕಣಿಕೆ ಬಣವಿಯ ಕಡೆ ಎಂದೂ ಇರಬಾರದು. ಕೆಲಸಕ್ಕೆ ಮುಂಚೆ ನೆಲ ಗುಡಿಸಿ ನೀರು ಚಿಮುಕಿಸಿ. ಮುಗಿದ ಮೇಲೆ ಅರ್ಧ ತಾಸು ಅಲ್ಲೇ ಸುತ್ತಮುತ್ತ ಕೆಲಸ ಇಟ್ಟುಕೊಳ್ಳಿ.

ಮೂರನೆಯದು ಕರೆಂಟ್. ಕೊಟ್ಟಿಗೆಯ ನೆಲ ಯಾವಾಗಲೂ ಹಸಿ. ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತ ಆಕಳಿಗೆ ನಮಗೆ ಜುಮ್ಮೆನ್ನುವಷ್ಟು ಕರೆಂಟ್ ಸಾಕು, ಜೀವ ಹೋಗಬಹುದು. ಗ್ರೈಂಡರಿಗೆ ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, ಸೋರಿಕೆಯಾದರೆ ತಾನೇ ಆರುವ 30 ಮಿಲಿ ಆಂಪಿಯರಿನ ಸ್ವಿಚ್ಚು ಹಾಕಿಸಿ. ಆಫ್ ಮಾಡುವ ಸ್ವಿಚ್ಚು ನಿಂತಲ್ಲಿಂದಲೇ ಕೈಗೆ ಸಿಗಬೇಕು. ತಿರುಗುವ ಕಲ್ಲಿನ ಮೇಲಿಂದ ಕೈ ಚಾಚಬೇಕಾದರೆ ಅದು ತಪ್ಪು ಜಾಗ.

ಇನ್ನು ಕೂರಿಸುವ ರೀತಿ. ಆರು ಇಂಚಿನ ಕಲ್ಲು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಅಂದರೆ ಕಲ್ಲಿನ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಂಥದ್ದನ್ನು ಹಲಗೆಯ ಮೇಲೆ ಬಿಟ್ಟು ಕಾಲಿನಿಂದ ಒತ್ತಿ ಹಿಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಪ್ಪ ಕಟ್ಟಿಗೆಯ ಮೇಜಿಗೆ, ಇಲ್ಲವೆ ಸಿಮೆಂಟಿನ ಕಟ್ಟೆಗೆ, ಅಡಿಯಲ್ಲಿ ಟಯರಿನ ರಬ್ಬರ್ ತುಂಡು ಹಾಕಿ ನಾಲ್ಕೂ ಬೋಲ್ಟ್ ಬಿಗಿಯಿರಿ. ಎರಡೇ ಬೋಲ್ಟ್ ಸಾಕು ಎನ್ನಬೇಡಿ. ಮೇಜನ್ನೂ ಗೋಡೆಗೆ ಇಲ್ಲವೆ ನೆಲಕ್ಕೆ ಕಟ್ಟಬೇಕು. ವೆಲ್ಡಿಂಗ್ ಮಾಡಿಸಬೇಡಿ. 2019ರ ಮಹಾಪೂರ ಕಂಡ ಕೃಷ್ಣಾತೀರದವರು ನಾವು. ನೀರು ಬಂದಾಗ ಬಿಚ್ಚಿ ಒಯ್ಯುವಂತಿರಬೇಕು. ಅದೇ ಕಾರಣಕ್ಕೆ ಪ್ಲಗ್ ಪಾಯಿಂಟೂ ಎತ್ತರದಲ್ಲಿರಲಿ.

ಎತ್ತರದ ಬಗ್ಗೆ ಒಂದು ಮಾತು. ನೀವು ನೇರ ನಿಂತು ಕೈ ಮಡಚಿದಾಗ ಮೊಣಕೈ ಎಲ್ಲಿ ಬರುತ್ತದೋ, ಕಲ್ಲಿನ ನಡುಭಾಗ ಅಲ್ಲಿಗೆ ಇಲ್ಲವೆ ಎರಡು ಬೆರಳು ಕೆಳಗೆ ಬರಬೇಕು. ನೆಲದ ಮೇಲೆ ಇಟ್ಟರೆ ಬಗ್ಗಬೇಕಾಗುತ್ತದೆ. ಬಗ್ಗಿದರೆ ಮುಖ ಕಲ್ಲಿಗೆ ಹತ್ತಿರ, ಸೆರಗು ಅದಕ್ಕಿಂತ ಹತ್ತಿರ. ಗಂಡಸರ ಎತ್ತರಕ್ಕೆ ಕಟ್ಟಿದರೆ ನಿಮ್ಮ ಭುಜ ಎತ್ತಿ ಕೈ ನಡುಗುತ್ತದೆ. ಅಲುಗು ಊರುವ ಕಬ್ಬಿಣದ ಆಸರೆ ಕಲ್ಲಿನಿಂದ 3 ಮಿಲಿಮೀಟರಿಗಿಂತ ದೂರ ಇರಬಾರದು. ಕಲ್ಲು ಸವೆದಂತೆ ಆ ಆಸರೆಯನ್ನು ಹತ್ತಿರ ಸರಿಸುತ್ತಿರಬೇಕು. ಸಂದು ದೊಡ್ಡದಾದರೆ ಅಲುಗು ಒಳಗೆ ಸಿಕ್ಕಿ ಕಲ್ಲು ಒಡೆಯುತ್ತದೆ. ಬೆಳಕು ಮೇಲಿನಿಂದ ಅಥವಾ ಎಡ–ಬಲದಿಂದ ಬರಲಿ. ಬೆನ್ನ ಹಿಂದಿನಿಂದ ಬಂದರೆ ನಿಮ್ಮ ನೆರಳೇ ಅಲುಗನ್ನು ಮುಚ್ಚುತ್ತದೆ. ಹಿಂದೆ ಮಕ್ಕಳು, ಕರು ಓಡಾಡುವ ದಾರಿ ಇರಬಾರದು.

ಹೊಸ ಕಲ್ಲು ಹಾಕುವ ಮುನ್ನ ಅದನ್ನು ಬೆರಳಿಗೆ ತೂಗುಹಾಕಿ ಕಟ್ಟಿಗೆಯ ಹಿಡಿಯಿಂದ ಮೆಲ್ಲನೆ ತಟ್ಟಿ. ಹೊಸ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೀರಲ್ಲ, ಹಾಗೆಯೇ. ಠಣ್ ಎಂದರೆ ಸರಿ, ಡಬ್ ಎಂದರೆ ಒಳಗೆ ಬಿರುಕು. ಚಾಲೂ ಮಾಡಿದ ಮೊದಲ ಒಂದು ನಿಮಿಷ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕನ್ನಡಕ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಳಿ ಒಳಗೆ ಹಾಕಿ, ಕೂದಲು ಕಟ್ಟಿ. ಕೈಗವಸು ಬೇಡ, ಕಲ್ಲು ಅದನ್ನು ಎಳೆದುಕೊಳ್ಳುತ್ತದೆ. ಅಲುಗು ಬಿಚ್ಚುವ ಮುನ್ನ ಕುಟ್ಟಿ ಮಶೀನಿನ ಪ್ಲಗ್ ಕಿತ್ತು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇಳಿಜಾರಿರುವ ಮಗ್ಗುಲನ್ನಷ್ಟೇ ಸಾಣೆ ಹಿಡಿಯಿರಿ, ಆಗಾಗ ನೀರಿಗೆ ಅದ್ದಿ. ಅಲುಗು ನೀಲಿಯಾದರೆ ಹದ ಹೋಯಿತೆಂದೇ ಅರ್ಥ. ಎಲ್ಲ ಅಲುಗುಗಳನ್ನೂ ಸಮನಾಗಿ ಸವೆಸಿ, ಇಲ್ಲದಿದ್ದರೆ ಚಕ್ರದ ತೂಕ ಏರುಪೇರಾಗುತ್ತದೆ. ತಿರುಗಿ ಜೋಡಿಸುವಾಗ ಬಿಚ್ಚಿದ ನಟ್ಟು, ಬೋಲ್ಟ್ ಎಣಿಸಿ. ಒಂದು ಕಡಿಮೆಯಾದರೆ ಅದು ಸಿಗುವ ತನಕ ಆ ಮೇವು ಹಾಕಬೇಡಿ.

"ಇಷ್ಟೆಲ್ಲ ಎಲ್ಲಿ ಆಗತೈತ್ರಿ, ನಮ್ಮನ್ಯಾಗ ಜಾಗಾನ ಇಲ್ಲ" ಎನ್ನುವವರಿದ್ದೀರಿ. ನಿಮ್ಮ ಮಾತು ನಿಜ. ಹಾಗಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟ: ಮನೆಗೊಂದು ಗ್ರೈಂಡರ್ ಬೇಕಾಗಿಯೇ ಇಲ್ಲ. ಅದು ತಿಂಗಳಿಗೆ ಒಂದೆರಡು ಸಲ, ಅರ್ಧ ತಾಸು ಬಳಸುವ ಯಂತ್ರ. ಐದಾರು ಮನೆಯವರು ಸೇರಿ ಒಂದನ್ನು ಸರಿಯಾದ ಜಾಗದಲ್ಲಿ ಕೂರಿಸಬಹುದು. ಸಂಘದ ಕಟ್ಟಡದ ಹಿಂದೆ ಖಾಲಿ ಗೋಡೆ ಇದ್ದರೆ ಅಲ್ಲಿ ಕೂರಿಸಿ, ಚಲಾಯಿಸಲು ಇಬ್ಬರಿಗೆ ಕಲಿಸಬಹುದು. ಸ್ವಸಹಾಯ ಗುಂಪಿನಲ್ಲಿ ಹಪ್ಪಳ, ರೊಟ್ಟಿ ಮಾಡುವ ನಿಮಗೆ ಇದೇನು ದೊಡ್ಡ ಕೆಲಸವಲ್ಲ. ನಡುವಿನ ದಿನಗಳಿಗೆ ಅರ, ಸಾಣೆಕಲ್ಲು ಇದ್ದೇ ಇವೆ.

ಕೊನೆಯದಾಗಿ ಒಂದು ಮಾತು, ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಯಂತ್ರ ತರುವವರು ಅವರು, ಕೂರಿಸುವವರು ಅವರು. ಆದರೆ ಬೆಳಗಿನ ಐದಕ್ಕೆ ಅದರ ಪಕ್ಕದಲ್ಲಿ ಮೇವು ಹಾಕುವವರು, ಸಗಣಿ ಬಾಚುವವರು, ಹಾಲು ಹಿಂಡುವವರು ನೀವು. ಆಕಳು ಸತ್ತರೆ ಬಟವಾಡೆ ನಿಲ್ಲುವುದು ನಿಮ್ಮ ಹೆಸರಿನದು. ದಿನವೂ ಯಾರು ಅದರ ಹತ್ತಿರ ನಿಲ್ಲುತ್ತಾರೋ ಅದರ ಜಾಗವನ್ನು ಅವರೇ ಹೇಳಬೇಕು. "ಇಲ್ಲಿ ಬ್ಯಾಡ, ಅಲ್ಲಿ ಇಡ್ರಿ" ಎಂದು ಹೇಳಲು ನಿಮಗೆ ಯಾರ ಅಪ್ಪಣೆಯೂ ಬೇಡ. ವೈರ್ ಎಳೆಯುವ ಖರ್ಚು ಒಂದು ಆಕಳ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ.

ಈಗಾಗಲೇ ನಿಮ್ಮ ಗ್ರೈಂಡರ್ ಗೋದಲಿಯ ಹತ್ತಿರ ಇದ್ದರೆ ಹೆದರಬೇಡಿ. ಯಂತ್ರ ಸರಿಸಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ನೆಲ, ಗೋದಲಿ, ಮೇವಿನ ರಾಶಿಯ ಮೇಲೆ ಆಡಿಸಿ ನೋಡಿ. ಏನು ಅಂಟಿತೆಂದು ನೋಡಿದರೆ ನಿಮಗೇ ಆಶ್ಚರ್ಯವಾಗಬಹುದು. ಆಕಳು ಮೇವು ಬಿಟ್ಟು, ಹಾಲು ಒಮ್ಮೆಲೇ ಇಳಿದು, ಬೆನ್ನು ಬಾಗಿಸಿ ನಿಂತರೆ, ಮಲಗುವಾಗ ನರಳಿದರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ, ಕೊಟ್ಟಿಗೆಯಲ್ಲಿ ಗ್ರೈಂಡರ್ ಇತ್ತೆಂಬುದನ್ನೂ ತಪ್ಪದೆ ಹೇಳಿ. ಬೇಗ ಗೊತ್ತಾದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸುವುದು, ಶಸ್ತ್ರಚಿಕಿತ್ಸೆ ಇವೆಲ್ಲ ದಾರಿಗಳಿವೆ. ತಂತಿ ಹೃದಯ ಮುಟ್ಟಿದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಸುತ್ತ ನೋಡಿ. ನಾನು ಮುಂದಿನ ಸಲ ನಿಮ್ಮ ಊರಿಗೆ ಬಂದಾಗ ಆಕಳ ಮೈ ಮುಟ್ಟುವ ಮೊದಲು ಅದನ್ನೇ ಮಾಡುತ್ತೇನೆ.